ಸೋಗಿನ ಗುಂಡಿ

ಹುಬ್ಬಳ್ಳಿ ನಗರದ ಇತಿಹಾಸವನ್ನು ಮುಂದೊಂದು ಕಾಲಕ್ಕೆ ಯಾರಾದರೂ ಶ್ರದ್ಧೆಯಿಂದ ಬರೆಯಲು ಕುಳಿತರೆ, ಆ ಸೋಮವಾರದ ಬೆಳಗಿಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಅರಮನೆಗಳು ಉರುಳಿದ್ದನ್ನೂ ನದಿಗಳು ದಿಕ್ಕು ಬದಲಿಸಿದ್ದನ್ನೂ ಯಾವ ದನಿಯಲ್ಲಿ ಹೇಳುತ್ತಾರೋ ಅದೇ ದನಿಯಲ್ಲಿ ಹೇಳಬೇಕಾದ ಸಂಗತಿ ಅದು: ಜೋಡಿವಾಸ ಸಂಕೀರ್ಣದ ಆರನೆಯ ಮಹಡಿಯ ಮನೆಯೊಂದರಲ್ಲಿ, ಎರಡನೆಯ ಲೋಟದ ಚಹಾಕ್ಕೆ ಮೂರು ಚಮಚದ ಬದಲು ಎರಡೂವರೆ ಚಮಚ ಸಕ್ಕರೆ ಬಿದ್ದಿತ್ತು.

ಅದನ್ನು ಪತ್ತೆ ಹಚ್ಚಿದವಳು ಇಂದುಮತಿ ಮೆಹರವಾಡೆ. ಒಂದು ಗುಟುಕು ಕುಡಿದಳು, ಲೋಟ ಕೆಳಗಿಟ್ಟಳು, ಬಾಯಿ ಮುಕ್ಕಳಿಸಿ ಬಂದು ಇನ್ನೊಂದು ಗುಟುಕು ಕುಡಿದಳು. ಅನುಮಾನವೇ ಇರಲಿಲ್ಲ. ಅದು ಅವಳ ಅಣ್ಣ ಪುಂಡಲೀಕನ ಚಹಾ. ಪುಂಡಲೀಕ ತೀರಿಕೊಂಡು ಐದು ತಿಂಗಳಾಗಿತ್ತು.

ತೀರಿಕೊಂಡದ್ದು ಸ್ಮಶಾನದ ಕಚೇರಿಗೆ ಗೊತ್ತಿತ್ತು, ಬಂಧುಗಳಿಗೆ ಗೊತ್ತಿತ್ತು, ಅವನ ಕೈಯಲ್ಲಿ ಅಂಗಿ ಹೊಲಿಸಿಕೊಂಡ ಅರ್ಧ ಊರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಉಳಿದದ್ದು ಮನೆಗೆ ಮಾತ್ರ. ಮನೆಗೆ ಗೊತ್ತಾಗದಂತೆ ನೋಡಿಕೊಂಡವಳು ಇಂದುಮತಿಯೇ. ಮನೆಗೆ ಗೊತ್ತಾದರೆ ವಸತಿ ಮಂಡಳಿಗೆ ಗೊತ್ತಾಗುತ್ತಿತ್ತು. ಸ್ಮಶಾನದ ಕಚೇರಿಯೂ ವಸತಿ ಮಂಡಳಿಯೂ ಒಂದೇ ಕಟ್ಟಡದ ಎರಡು ಮಹಡಿಗಳಲ್ಲಿದ್ದವು ನಿಜ. ಆದರೆ ನಡುವಿನ ಮೆಟ್ಟಿಲನ್ನು ಯಾರಾದರೂ ಹತ್ತಿದ್ದನ್ನು ಕಂಡವರಿರಲಿಲ್ಲ.

ಆ ಕಾಲದಲ್ಲಿ ನೀರು, ಕರೆಂಟು, ಗೋಡೆ, ಕಿಟಕಿ ಎಲ್ಲವೂ ತಲೆಯ ಲೆಕ್ಕದಲ್ಲಿ ಸಿಗುತ್ತಿದ್ದವು. ಇಬ್ಬರಿದ್ದರೆ ಎರಡು ಕೋಣೆ, ಉತ್ತರಕ್ಕೊಂದು ಕಿಟಕಿ. ಒಬ್ಬರೇ ಆದರೆ ಊರಾಚೆಯ ಏಕವಾಸ ಗೋಪುರದಲ್ಲಿ ಒಂದು ಕೋಣೆ. ಒಬ್ಬರಿಗಾಗಿ ಎರಡು ಕೋಣೆ ಕಾಯ್ದಿರಿಸುವುದೆಂದರೆ ಒಬ್ಬನೇ ಪ್ರಯಾಣಿಕನಿಗಾಗಿ ಇಡೀ ರೈಲು ಬಿಟ್ಟಂತೆ ಎಂದು ಮಂಡಳಿಯ ವಾದ. ಆ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಉತ್ತರದ ಕಿಟಕಿಯ ಕೆಳಗೆ ಅಣ್ಣನ ಹೊಲಿಗೆ ಯಂತ್ರ ಇಲ್ಲದವರಿಗಂತೂ ಇನ್ನೂ ಕಷ್ಟ.

ಮನೆಯಲ್ಲಿ ಯಾರಿದ್ದಾರೆಂದು ಮನೆಗೆ ತಿಳಿಯುತ್ತಿದ್ದದ್ದು ಗುಂಡಿಗಳಿಂದ. ಪ್ರತಿಯೊಬ್ಬರಿಗೂ ಅಂಗಿಯ ಗುಂಡಿಯಷ್ಟು ದೊಡ್ಡ ನೆನಪಿನ ಚಿಪ್ ಒಂದು. ಅದನ್ನು ಬಾಗಿಲ ಪಕ್ಕದ ಗೋಡೆಯ ತೂತಿನಲ್ಲಿ ಕೂರಿಸಬೇಕು. ತೂತುಗಳಿಂದ ಎರಡು ಎಳೆ ತಂತಿ ಗೋಡೆಯೊಳಗಿನ ಯಂತ್ರಕ್ಕೆ ಹೋಗುತ್ತದೆ. ಒಂದು ತಂತಿ ತಾಳ ಹಾಕುತ್ತದೆ, ಇನ್ನೊಂದು ಮಾತಾಡುತ್ತದೆ. ಯಂತ್ರ ಒಂದು ಸಂಖ್ಯೆಯನ್ನು ಕೂಗುತ್ತದೆ. ಆ ಸಂಖ್ಯೆಯ ಗುಂಡಿ ಇದ್ದರೆ ತಂತಿಯನ್ನು ಒಂದು ಕ್ಷಣ ಕೆಳಕ್ಕೆ ಜಗ್ಗಿ ‘ಇದ್ದೇನೆ’ ಎನ್ನುತ್ತದೆ. ಆಮೇಲೆ ಯಂತ್ರ ಸಕ್ಕರೆ ಎಷ್ಟು ಎಂದು ಕೇಳಿದರೆ ಸಕ್ಕರೆ ಎಷ್ಟೆಂದು, ಸ್ನಾನದ ನೀರಿನ ಬಿಸಿ ಎಷ್ಟು ಎಂದು ಕೇಳಿದರೆ ಬಿಸಿ ಎಷ್ಟೆಂದು ಹೇಳುತ್ತದೆ. ಮನುಷ್ಯನ ರುಚಿ ಬದಲಾದರೆ ಯಂತ್ರ ಅದನ್ನು ಗುಂಡಿಯೊಳಗೆ ತಿದ್ದಿ ಬರೆಯುತ್ತದೆ. ಕರೆದಾಗ ಓಗೊಟ್ಟು, ಕೇಳಿದ್ದಷ್ಟನ್ನೇ ಹೇಳಿ, ಹೇಳಿಸಿಕೊಂಡದ್ದನ್ನೆಲ್ಲ ನೆನಪಿಟ್ಟು, ಉಳಿದ ಹೊತ್ತು ತುಟಿ ಬಿಚ್ಚದ ಇಂಥ ಸೊಸೆಗಾಗಿ ಎಷ್ಟೋ ಮನೆತನಗಳು ತಲೆಮಾರುಗಟ್ಟಲೆ ಹುಡುಕಿ ಸೋತಿದ್ದವು. ಕೊನೆಗೆ ಸಿಕ್ಕಿದ್ದು ಸಿಲಿಕಾನಿನಲ್ಲಿ.

ಪುಂಡಲೀಕನ ಗುಂಡಿ ಆಸ್ಪತ್ರೆಗೆ ಅವನ ಜೊತೆಯಲ್ಲೇ ಹೋಗಿತ್ತು. ಅವನು ಹೋದ ಮೇಲೆ ಪದ್ಧತಿಯಂತೆ ಅದನ್ನು ಅಳಿಸಿ ಹೊಸದಾಗಿ ಹುಟ್ಟಿದ ಯಾವುದೋ ಕೂಸಿಗೆ ಕೊಟ್ಟರು. ಈಗ ಊರಿನ ಯಾವುದೋ ತೊಟ್ಟಿಲ ಪಕ್ಕದ ಗೋಡೆಯಲ್ಲಿ ಕೂತು, ಹಾಲು ಎಷ್ಟು ಬೆಚ್ಚಗಿರಬೇಕೆಂಬುದನ್ನು ಅದು ಕಲಿಯುತ್ತಿರಬೇಕು.

ಹಾಗಿದ್ದರೆ ಆರನೆಯ ಮಹಡಿಯ ಗೋಡೆಯಲ್ಲಿ ಅವನ ಸಂಖ್ಯೆಯಾದ ಐವತ್ತೊಂದನ್ನು ಕೂಗಿದಾಗ ಓಗೊಡುತ್ತಿದ್ದದ್ದು ಏನು?

ಇಂದುಮತಿಯ ನೌಕರಿ ಈ ಗೋಡೆಯಂತ್ರಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ. ಒಂದು ಯಂತ್ರ ಮಾರುಕಟ್ಟೆಗೆ ಹೋಗುವ ಮೊದಲು ಸಾವಿರಾರು ಜನರ ಗುಂಡಿಗಳೊಂದಿಗೆ ಹೊಂದಿಕೊಳ್ಳುತ್ತದೆಯೇ ಎಂದು ನೋಡಬೇಕು. ಅಷ್ಟು ಗುಂಡಿಗಳನ್ನು ತರುವುದೆಲ್ಲಿಂದ? ಅದಕ್ಕೊಂದು ಉಪಾಯವಿತ್ತು. ಬೆಂಕಿಪೊಟ್ಟಣದಷ್ಟು ಚಿಕ್ಕ ಕಂಪ್ಯೂಟರ್ ಬೋರ್ಡು. ಅದರೊಳಗೆ ಎಲ್ಲ ಕಂಪ್ಯೂಟರುಗಳಲ್ಲಿರುವಂಥದೇ ಒಂದು ಆಪರೇಟಿಂಗ್ ಸಿಸ್ಟಮ್. ಅದಕ್ಕೆ ‘ಇಂದಿನಿಂದ ನೀನು ಐವತ್ತೊಂದನೆಯ ಗುಂಡಿ’ ಎಂದು ಹೇಳಿಬಿಟ್ಟರೆ, ತನ್ನ ನೆನಪಿನಲ್ಲಿ ಒಂದು ಮೂಲೆಯನ್ನು ಗುಡಿಸಿ ತೆರವು ಮಾಡಿ, ಕೊಟ್ಟದ್ದನ್ನು ಅಲ್ಲಿಟ್ಟುಕೊಂಡು, ತಂತಿಯ ಮೇಲೆ ಗುಂಡಿಯಂತೆ ಕೂತುಬಿಡುತ್ತಿತ್ತು. ಈ ತುದಿಯಲ್ಲಿರುವುದು ಗುಂಡಿಯೋ, ಗುಂಡಿಯ ವೇಷ ತೊಟ್ಟ ಇಡೀ ಕಂಪ್ಯೂಟರೋ ಎಂಬುದು ಆ ತುದಿಯ ಯಂತ್ರಕ್ಕೆ ತಿಳಿಯುವುದಿಲ್ಲ. ತಿಳಿಯುವ ಕುತೂಹಲವೂ ಅದಕ್ಕಿಲ್ಲ. ಲ್ಯಾಬಿನವರು ಇದನ್ನು ‘ಸೋಗು’ ಎಂದು ಕರೆಯುತ್ತಿದ್ದರು.

ಆರು ವರ್ಷದ ಹಿಂದೆ ಇಂಥದೊಂದು ಸೋಗಿಗೆ ಮಾದರಿ ಬೇಕಾದಾಗ, ಇಂದುಮತಿ ಅಣ್ಣನ ಗುಂಡಿಯನ್ನು ಗೋಡೆಯಿಂದ ಕಿತ್ತು ಡಬ್ಬಿಯಲ್ಲಿಟ್ಟುಕೊಂಡು ಲ್ಯಾಬಿಗೆ ಒಯ್ದು, ನಕಲು ಮಾಡಿ, ಸಂಜೆ ತಂದು ಕೂರಿಸಿದ್ದಳು. ಅಂದು ಇಡೀ ದಿನ ಮನೆ ಪುಂಡಲೀಕನಿಗೆ ಒಂದು ಹನಿ ಚಹಾ ಕೊಟ್ಟಿರಲಿಲ್ಲ. ನಕಲು ಲ್ಯಾಬಿನಲ್ಲಿ ಹಾಗೇ ಉಳಿದಿತ್ತು. ಅವನು ಹೋದ ಹದಿಮೂರನೆಯ ದಿನದ ಕೆಲಸಗಳೆಲ್ಲ ಮುಗಿದ ಮೇಲೆ ಅವಳು ಒಂದು ಬೋರ್ಡನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ಅದನ್ನು ಹೊಲಿಗೆ ಯಂತ್ರದ ಮರದ ಮುಚ್ಚಳದೊಳಗೆ ಇರಿಸಿ, ತಂತಿಯನ್ನು ಗೋಡೆಯ ತೂತಿಗೆ ಎಳೆದಳು. ತೂತು ಕಾಣದಂತೆ ಅಣ್ಣನ ಡಬ್ಬಿಯಿಂದ ಬೂದು ಬಣ್ಣದ ಕೋಟಿನ ಗುಂಡಿಯೊಂದನ್ನು ಆರಿಸಿ ಮೇಲೆ ಅಂಟಿಸಿದಳು.

ಮರುದಿನ ಬೆಳಗ್ಗೆ ಎರಡು ಲೋಟ ಚಹಾ ಬಂತು. ಎರಡನೆಯದರಲ್ಲಿ ಮೂರು ಚಮಚ ಸಕ್ಕರೆ. ಆರು ವರ್ಷದ ಹಿಂದೆ ಪುಂಡಲೀಕನಿಗೆ ಸಕ್ಕರೆ ಕಾಯಿಲೆ ಇರಲಿಲ್ಲವಲ್ಲ! ಇಂದುಮತಿ ನಿಂತಲ್ಲೇ ಆ ಪಾಕವನ್ನು ಕುಡಿದು ಮುಗಿಸಿದಳು.

ಆದರೆ ಮೂರು ಚಮಚದ ಚಹಾವನ್ನು ದಿನಾ ಕುಡಿಯುವುದು ಪ್ರೀತಿಗೂ ಮೀರಿದ ಕೆಲಸ. ಅವಳು ತಳದಲ್ಲಿ ಸ್ವಲ್ಪ ಉಳಿಸತೊಡಗಿದಳು. ಮನೆ ಲೋಟವನ್ನು ತೂಗಿ ನೋಡಿ, ಈ ಮನುಷ್ಯನಿಗೆ ಸಿಹಿ ಹೆಚ್ಚಾಯಿತೆಂದು ತೀರ್ಮಾನಿಸಿ ಐವತ್ತೊಂದರೊಳಗೆ ತಿದ್ದಿ ಬರೆಯಿತು. ಎರಡನೆಯ ಸಲದ ಸ್ನಾನದ ನೀರು ಯಾರೂ ಮುಟ್ಟದೆ ಆರಿತು, ಅದನ್ನೂ ತಿದ್ದಿತು. ಮನೆ ಪುಂಡಲೀಕನನ್ನು ಅಳಿಸುತ್ತಿರಲಿಲ್ಲ, ತಂಗಿಯನ್ನಾಗಿ ತಿದ್ದುತ್ತಿತ್ತು. ಆ ಸೋಮವಾರದ ಎರಡೂವರೆ ಚಮಚದ ಅರ್ಥ ಇದು.

ಪುಣ್ಯಕ್ಕೆ ಕರೆಂಟು ಆಗಾಗ ಹೋಗುತ್ತಿತ್ತು. ನಿಜವಾದ ಗುಂಡಿಯಾದರೆ ಕತ್ತಲಲ್ಲೂ ಎಲ್ಲವನ್ನೂ ನೆನಪಿಡುತ್ತದೆ. ಸೋಗಿನದು ಹಾಗಲ್ಲ, ಕರೆಂಟು ಹೋದರೆ ಕಲಿತದ್ದೆಲ್ಲ ಮರೆತು ಮೊದಲಿನ ನಕಲಿಗೆ ಮರಳುತ್ತದೆ. ಊರೆಲ್ಲ ವಿದ್ಯುತ್ ಕಚೇರಿಯನ್ನು ಬಯ್ಯುವಾಗ ಇಂದುಮತಿ ಸುಮ್ಮನೆ ಕಿಟಕಿಯ ಬಳಿ ಕೂತಿರುತ್ತಿದ್ದಳು. ಬೆಳಕು ಬಂದರೆ ಮರುದಿನ ಮತ್ತೆ ಮೂರು ಚಮಚ.

ಲ್ಯಾಬಿನಲ್ಲಿ ಅವಳ ಪಕ್ಕದ ಮೇಜು ಮಮತಾಜ ನದಾಫಳದು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

“ಒಂದ ಬೋರ್ಡ್ ಕಡಿಮಿ ಐತಲ್ಲ ಇಂದೂ,” ಎಂದಳು ಮಮತಾಜ, ಪರದೆಯಿಂದ ಕಣ್ಣು ತೆಗೆಯದೆ.

“ಎಣಿಸಿದೇನು?”

“ನಾ ಯಾಕ ಎಣಿಸ್ಲಿ? ಕಪಾಟಿನ ಧೂಳ ಹೇಳ್ತದ. ಎಲ್ಲಾದರ ಕೆಳಗ ಧೂಳಿಲ್ಲ, ಒಂದ ಜಾಗಾದಾಗ ಬೋರ್ಡೂ ಇಲ್ಲ ಧೂಳೂ ಇಲ್ಲ.” ಆಮೇಲೆ ದನಿ ತಗ್ಗಿಸಿ ಕೇಳಿದಳು, “ಮನ್ಯಾಗ ಹಾಕ್ಸೀ ಹೌದಿಲ್ಲೊ?”

ಇಂದುಮತಿ ಮುಂದಿದ್ದ ಬೋರ್ಡಿನ ತಂತಿ ಬಿಚ್ಚಿ ಮತ್ತೆ ಸಿಕ್ಕಿಸಿದಳು.

“ಮುಂದಿನ ವಾರ ನಿಮ್ಮ ಕಡೆ ಗುಂಡಿ ಎಣಸಾಕ ಬರ್ತಾರ,” ಎಂದಳು ಮಮತಾಜ. “ಐವತ್ತೊಂದು ಓಗೊಡಲಿಲ್ಲ ಅಂದ್ರ ನಿನ್ನ ಗಂಟುಮೂಟಿ ಊರ ಹೊರಗ. ಆ ಕೋಣ್ಯಾಗ ಕಿಟಕಿ ಅಂದ್ರ ಗ್ವಾಡಿಗೆ ಬಳದ ನೀಲಿ ಬಣ್ಣ. ಹೊಲಿಗಿ ಮಿಷನ್ ಇಟ್ರ ನೀ ಹೊರಗ ನಿಂದರಬೇಕು.”

“ಓಗೊಡ್ತದ ಬಿಡು.”

“ಓಗೊಡೂದ ಗೊತ್ತೈತಿ. ಚಂದಾಗಿ ಓಗೊಡಲಿ.”

ಮಂಡಳಿಯಿಂದ ಬಂದವನು ಕರವೀರಪ್ಪ ಬೆಟಗೇರಿ. ಹೆಗಲಿಗೊಂದು ಪೆಟ್ಟಿಗೆ, ಮೈಮೇಲೆ ಕಂಕುಳಲ್ಲಿ ಸ್ವಲ್ಪವೂ ಸುಕ್ಕು ಬೀಳದ ಸಫಾರಿ. ಆ ಕಂಕುಳನ್ನು ನೋಡಿದ ಕೂಡಲೇ ಇಂದುಮತಿಗೆ ಅದು ಯಾರ ಕತ್ತರಿಯೆಂದು ಗೊತ್ತಾಯಿತು.

“ಅಣ್ಣಾರು ಹೊಲದದ್ರಿ,” ಎಂದ ಅವನು, ಅವಳ ಕಣ್ಣು ಹಿಡಿದು. “ನನ್ನ ಮದವಿದು. ಬಾಯಾಗ ಸೂಜಿ ಕಚ್ಚಿಕೊಂಡು ಅಳತಿ ತಗೋತಿದ್ರು. ‘ಯಾವಾಗ ಕೊಡ್ತೀರಿ’ ಅಂತ ಕೇಳಿದ್ರ ಮಾತಿಲ್ಲ. ಒಂದೊಂದ ಸೂಜಿ ತಗದು ಕೈಯಾಗಿನ ಸೂಜಿಗಾದಿಗೆ ಚುಚ್ಚಿ, ಎಲ್ಲಾ ಮುಗಿದ ಮ್ಯಾಲ, ‘ಶುಕ್ರವಾರ.’ ಅಷ್ಟ. ಯಾವ ಶುಕ್ರವಾರ ಅಂತ ಕೇಳಾಕ ಧೈರ್ಯ ಆಗ್ತಿದ್ದಿಲ್ರಿ.”

ಇಂದುಮತಿ ನಕ್ಕಳು. “ಚಾ ಕುಡೀತೀರೇನ್ರಿ?”

“ಬ್ಯಾಡ್ರಿ, ಎಲ್ಲಾರ ಮನ್ಯಾಗೂ ಕುಡದ ಕುಡದ ಸಾಕಾಗೇತಿ.” ಅವನು ಅಣ್ಣ ಎಲ್ಲಿ ಎಂದು ಕೇಳಲಿಲ್ಲ. ಮನುಷ್ಯರಿದ್ದಾರೋ ಇಲ್ಲವೋ ನೋಡುವುದು ಮಂಡಳಿ ಅವನಿಗೆ ಒಪ್ಪಿಸಿದ ಕೆಲಸವಾಗಿರಲಿಲ್ಲ.

ಪೆಟ್ಟಿಗೆಯ ತಂತಿಯನ್ನು ಗೋಡೆಗೆ ಸಿಕ್ಕಿಸಿ ಒಂದೊಂದೇ ಗುಂಡಿಯನ್ನು ಪರೀಕ್ಷಿಸಿದ. ಇಂದುಮತಿಯ ಗುಂಡಿಗೆ ಹಸಿರು ದೀಪ. ಐವತ್ತೊಂದಕ್ಕೆ ಹಳದಿ. ಪೆಟ್ಟಿಗೆಯನ್ನು ಒಮ್ಮೆ ತಟ್ಟಿ ಮತ್ತೆ ಒತ್ತಿದ. ಹಳದಿಯೇ.

“ಇದೇನ್ರಿ, ‘ತೀರ ಬೇಗ’ ಅಂತ ತೋರಸ್ತದ? ಉತ್ತರ ತಡ ಆದ್ರ ತಪ್ಪು ಅಂತ ಕೇಳಿದ್ದೆ. ಬೇಗ ಕೊಟ್ರೂ ತಪ್ಪೇನು?” ತಲೆ ಕೆರೆದುಕೊಂಡ. “ನಿಮ್ಮ ಅಣ್ಣಾರು ಬಾಳ ಚುರುಕ ಆಗ್ಯಾರ ನೋಡ್ರಿ. ಹಳದಿ ಬಂದ್ರ ಇನ್ನೊಮ್ಮೆ ಬರಬೇಕು ಅಂತ ನಿಯಮ ಐತಿ. ಗುರುವಾರ ಬರ್ತೀನ್ರಿ.”

ಅವನು ಹೋದ ಮೇಲೆ ಇಂದುಮತಿ ಗೋಡೆಗೆ ಒರಗಿ ನಿಂತಳು. ತಪ್ಪು ಏನೆಂದು ಹಳದಿ ದೀಪ ಕಂಡಾಗಲೇ ಅವಳಿಗೆ ಹೊಳೆದಿತ್ತು.

ನಿಜವಾದ ಗುಂಡಿಗೆ ಏನಾದರೂ ಹೊಸತನ್ನು ಹೇಳಿದರೆ, ಅದು ಆ ಮಾತನ್ನು ತನ್ನೊಳಗೆ ಕೆತ್ತಿಕೊಳ್ಳಬೇಕಾಗುತ್ತದೆ. ಕೆತ್ತಿಕೊಳ್ಳುವಷ್ಟು ಹೊತ್ತು ಯಾರು ಕರೆದರೂ ಓಗೊಡುವುದಿಲ್ಲ. ಕಣ್ಣೆವೆ ಒಮ್ಮೆ ಬಡಿಯುವುದರೊಳಗೆ ಇಪ್ಪತ್ತು ಸಲ ಮುಗಿಯುವಷ್ಟು ಚಿಕ್ಕ ಮೌನ ಅದು. ಆದರೆ ಅದು ಇರಲೇಬೇಕು. ಸೋಗಿನ ಗುಂಡಿಗೆ ಕೆತ್ತುವ ಕಷ್ಟವಿಲ್ಲವಾದ್ದರಿಂದ, ಮೌನವನ್ನೂ ಬೇಕೆಂದೇ ನಟಿಸಬೇಕು. ಅದಕ್ಕೆಂದು ಸೋಗಿನಲ್ಲಿ ಒಂದು ಸಾಲು ಇತ್ತು. ಸಾವಿರಾರು ಪರೀಕ್ಷೆಗಳಲ್ಲಿ ಪ್ರತಿಸಲವೂ ಕಾಯುತ್ತ ಕೂರುವುದು ದಂಡವೆಂದು ಆ ಸಾಲನ್ನು ತೆಗೆದುಹಾಕಿದವಳು ಸ್ವತಃ ಇಂದುಮತಿ. ಅದಕ್ಕಾಗಿ ಲ್ಯಾಬಿನಲ್ಲಿ ಅವಳಿಗೆ ಶಾಲು ಹೊದಿಸಿದ್ದರು.

“ನಿನ್ನ ಕೈಲೇನ ಹೋತು ಅದು,” ಎಂದಳು ಮಮತಾಜ ಮರುದಿನ. “ಎಲ್ಲಾರ ಮುಂದ ಏನಂದಿದ್ದಿ? ‘ಸುಮ್ಮನಿರೂದರಿಂದ ಯಾರಿಗೂ ಉಪಯೋಗಿಲ್ಲ.’ ಚಪ್ಪಾಳಿ ಬ್ಯಾರೆ.”

“ಈಗ ವಾಪಸ್ ಹಾಕ್ತೀನಿ. ಎಷ್ಟಂತ ಹಾಕ್ಲಿ?”

“ಎಷ್ಟ ಅಂದ್ರ? ನಿಜವಾದ ಗುಂಡಿ ಎಷ್ಟ ತಡೀತದೋ ಅಷ್ಟ. ಜಾಸ್ತಿ ಮಾಡಬ್ಯಾಡ. ಮನಿ ಯಂತ್ರಕ್ಕ ತಾಳ್ಮಿ ಐತಿ, ಸವದ ಗುಂಡಿಗೂ ಕಾಯಬೇಕಾಗ್ತದಲ್ಲ, ಮತ್ತ ಮತ್ತ ಕರೀತದ. ಮಂಡಳಿ ಪೆಟ್ಟಿಗಿ ಕಾಯಂಗಿಲ್ಲ. ಒಂದ ಉಸರು ತಡದ್ರ ‘ಇಲ್ಲ’ ಅಂತ ಬರಕೊಂಡ ಕಳಿಸಿಬಿಡ್ತದ.”

ಅಂದು ಸಂಜೆ ಇಂದುಮತಿ ಹೊಲಿಗೆ ಯಂತ್ರದ ಮುಚ್ಚಳ ತೆಗೆದು, ಬೋರ್ಡಿಗೆ ತನ್ನ ಕಂಪ್ಯೂಟರ್ ಜೋಡಿಸಿ, ಆ ಸಾಲನ್ನು ಮತ್ತೆ ಬರೆಯಲು ಕೂತಳು. ‘ಬರೆದುಕೊಂಡ ಮೇಲೆ ಇಷ್ಟು ಹೊತ್ತು ಸುಮ್ಮನಿರು.’ ಇಷ್ಟು ಎಂದಲ್ಲಿ ಸಂಖ್ಯೆ ಹಾಕಬೇಕು. ಯಂತ್ರದ ಮೇಲೆ ಅಣ್ಣನ ಸೂಜಿಗಾದಿ ಇತ್ತು. ಅದರಿಂದ ನಾಲ್ಕು ಗುಂಡುಸೂಜಿ ತೆಗೆದು ತುಟಿಯಲ್ಲಿ ಕಚ್ಚಿಕೊಂಡಳು. ಕಬ್ಬಿಣದ ರುಚಿ. ಒಂದೊಂದನ್ನೇ ತೆಗೆದು ಗಾದಿಗೆ ಚುಚ್ಚಿದಳು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೋ ಆ ಸಂಖ್ಯೆಯನ್ನು ಹಾಕಿದಳು. ನೋಡೋಣ, ಗುರುವಾರದೊಳಗೆ ಸರಿಮಾಡಿದರಾಯಿತು ಎಂದುಕೊಂಡಳು.

ಬೆಳಗ್ಗೆ ಮೊದಲ ಲೋಟ ಎಂದಿನಂತೆ ತುಂಬಿತು. ಎರಡನೆಯ ಲೋಟಕ್ಕೆ ಸಕ್ಕರೆ ಬಿತ್ತು. ಇಂದಿನ ಸಕ್ಕರೆಯ ಲೆಕ್ಕವನ್ನು ಐವತ್ತೊಂದರೊಳಗೆ ಬರೆದಿಟ್ಟ ಮನೆ, ಹಾಲು ಎಷ್ಟು ಎಂದು ಕೇಳಿತು.

ಉತ್ತರವಿಲ್ಲ.

ಹಾಲಿನ ಕೊಳವೆ ಲೋಟದ ಮೇಲೆ ಬಂದು ನಿಂತೇ ಇತ್ತು. ಗೋಡೆಯೊಳಗೆ ಯಂತ್ರ ಮೆಲ್ಲಗೆ ಗುರುಗುಟ್ಟುತ್ತ ಮತ್ತೆ ಮತ್ತೆ ಕರೆಯಿತು. ಮನೆಯೆಲ್ಲ ಯಾರದೋ ಬಾಯನ್ನು ನೋಡುತ್ತ ನಿಂತಂತಿತ್ತು.

“ಲಗೂನ ಹೇಳೋ ಅಣ್ಣಾ,” ಎಂದಳು ಇಂದುಮತಿ. “ಚಾ ಆರಾಕತ್ತೇತಿ.”

ಹಾಗೆಂದು ತಾನೇ ಬೆಚ್ಚಿದಳು. ಕರವೀರಪ್ಪ ಬಂದದ್ದನ್ನು ಬಿಟ್ಟರೆ ಐದು ತಿಂಗಳಿಂದ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಿರಲಿಲ್ಲ. ಮಾತಾಡಿದರೆ ಕೇಳಿಸಿಕೊಳ್ಳುವವರಿಲ್ಲ ಎಂಬುದು ಕಾರಣವಲ್ಲ. ಮನೆ ಎಲ್ಲವನ್ನೂ ತಡಮಾಡದೆ ಕೊಟ್ಟುಬಿಡುತ್ತಿದ್ದುದರಿಂದ ಮಾತಿಗೆ ಜಾಗವೇ ಇರುತ್ತಿರಲಿಲ್ಲ. ಅಷ್ಟರಲ್ಲಿ ಉತ್ತರ ಬಂತು. ಹಾಲು ಬಿತ್ತು.

ಮೂರು ದಿನ ಹೀಗೆ ನಡೆಯಿತು. ಸ್ನಾನದ ನೀರಿಗೆ ಮನೆ ಕಾದಿತು. ಫ್ಯಾನು ಎಷ್ಟು ಜೋರಾಗಿರಲಿ ಎಂದು ಕೇಳಿ ಕಾದಿತು. ಒಂದೊಂದು ಸಲ ಕಾಯುವಾಗಲೂ ಇಂದುಮತಿ ಒಂದೊಂದು ಮಾತಾಡಿದಳು. ಮಮತಾಜಳ ಮಗಳ ನಿಶ್ಚಿತಾರ್ಥ ಮುರಿದ ಸುದ್ದಿ ಹೇಳಿದಳು. ತನಗೆ ಶಾಲು ಹೊದಿಸಿದ್ದನ್ನು ನೆನಪಿಸಿ, “ಆ ಶಾಲಿನ ಅಂಚು ಬಿಚ್ಚೇತಿ, ಹೊಲದ ಕೊಡು ಅಂತ ಅಂದಾಗ ಯಾವ ಶುಕ್ರವಾರ ಅಂದಿದ್ದಿ ನೀನು?” ಎಂದು ಜಗಳ ತೆಗೆದಳು. ಮನೆ ಗುರುಗುಟ್ಟಿತು. ತಡವಾಗಿ ಫ್ಯಾನು ತಿರುಗಿತು.

ಗುರುವಾರ ಬೆಳಗ್ಗೆ ಎದ್ದವಳೇ ಮುಚ್ಚಳ ತೆಗೆದು ಸಂಖ್ಯೆಯನ್ನು ಬದಲಿಸಿದಳು. ನಿಜವಾದ ಗುಂಡಿ ಎಷ್ಟು ತಡೆಯುತ್ತದೋ ಅಷ್ಟೇ. ಅಷ್ಟಿದ್ದರೆ ಪೆಟ್ಟಿಗೆಗೆ ಹಸಿರು, ಅವಳಿಗೆ ಮನೆ, ಕಿಟಕಿಗೆ ಯಂತ್ರ.

ಚಹಾ ಬಂತು. ಸಕ್ಕರೆ, ಹಾಲು, ಎಲ್ಲವೂ ಒಂದೇ ಉಸಿರಿನಲ್ಲಿ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಗುರುತಿಲ್ಲದವರ ಮುಂದೆ ಕುಕ್ಕಿ ಹೋಗುವ ಲೋಟದಂತೆ ಅದು ಅವಳ ಮುಂದೆ ನಿಂತಿತು. ಅವಳು ಅದನ್ನು ನೋಡುತ್ತ ನಿಂತಳು. ಏನೋ ಹೇಳಲು ಬಾಯಿ ತೆರೆದಿದ್ದಳು, ಹೇಳುವಷ್ಟು ಹೊತ್ತು ಸಿಗಲಿಲ್ಲ.

ಲೋಟವನ್ನು ಮುಟ್ಟದೆ ಹೋಗಿ ಮತ್ತೆ ಮುಚ್ಚಳ ತೆಗೆದಳು. ನಾಲ್ಕು ಸೂಜಿಯ ಸಂಖ್ಯೆಯನ್ನು ಮತ್ತೆ ಹಾಕಿದಳು. ಆಮೇಲೆ ಕಂಪ್ಯೂಟರನ್ನು ಮಡಿಸಿ ಚೀಲದಲ್ಲಿಟ್ಟಳು.

ಕರವೀರಪ್ಪ ಬಂದಾಗ ಅದೇ ಸಫಾರಿ ಹಾಕಿಕೊಂಡಿದ್ದ. ತಂತಿ ಸಿಕ್ಕಿಸಿದ. ಮೊದಲ ಗುಂಡಿಗೆ ಹಸಿರು ಬಂತು. ಐವತ್ತೊಂದಕ್ಕೆ ಪೆಟ್ಟಿಗೆ ಏನೋ ಒಂದು ಗುರುತನ್ನು ಬರೆದು, ಕರೆಯಿತು.

ಮೌನ.

ಪೆಟ್ಟಿಗೆ ಮತ್ತೆ ಕರೆಯಿತು. ಕರವೀರಪ್ಪ ದೀಪವನ್ನು ನೋಡಿದ, ಗೋಡೆಯನ್ನು ನೋಡಿದ. ಗೋಡೆಯ ಮೇಲಿದ್ದ ನಾಲ್ಕು ತೂತಿನ ಬೂದು ಗುಂಡಿಯನ್ನು ಈಗಷ್ಟೇ ಸರಿಯಾಗಿ ನೋಡಿದವನಂತೆ, ತನ್ನ ಎದೆಯ ಗುಂಡಿಯನ್ನು ಮುಟ್ಟಿಕೊಂಡ. ಎರಡೂ ಒಂದೇ ಡಬ್ಬಿಯವು. ಉತ್ತರದ ಕಿಟಕಿಯ ಕೆಳಗೆ ಮುಚ್ಚಿದ ಹೊಲಿಗೆ ಯಂತ್ರವನ್ನು ನೋಡಿದ.

“ತಡಿ ಮಾರಾಯಾ,” ಎಂದ ಕರವೀರಪ್ಪ ತನ್ನ ಪೆಟ್ಟಿಗೆಗೆ, ತಗ್ಗಿದ ದನಿಯಲ್ಲಿ. “ಸೂಜಿ ತಗೀಲಿ ಅವರು.”

ಪೆಟ್ಟಿಗೆ ತಡೆಯಲಿಲ್ಲ. ಕೆಂಪು ದೀಪ ಹತ್ತಿ, ಕುಯ್ ಎಂದು ಸದ್ದು ಮಾಡಿ, ವರದಿ ಕಳಿಸಿ ಸುಮ್ಮನಾಯಿತು.

ಅದಾದ ಒಂದು ಗಳಿಗೆಗೆ ಮನೆ ತಾನಾಗಿ ಐವತ್ತೊಂದನ್ನು ಕರೆಯಿತು. ಗೋಡೆಯ ಪುಟ್ಟ ದೀಪ ಒಮ್ಮೆ ಮಿನುಗಿತು: ಇದ್ದೇನೆ.

“ಬಂತಲ್ರೀ,” ಎಂದ ಕರವೀರಪ್ಪ. ಆಮೇಲೆ ಪೆಟ್ಟಿಗೆಯನ್ನು ನೋಡಿ, “ಆದ್ರ ಇದು ಕಳಿಸಿಬಿಡ್ತು. ಕೈಲೆ ತಿದ್ದಾಕ ಬರಂಗಿಲ್ರಿ. ಇದಕ್ಕ ಕಾಯೂದ ಕಲಿಸಿಲ್ಲ.”

“ಗೊತ್ತದ್ರಿ.”

“ಗೊತ್ತಿದ್ದೂ…?” ಎಂದವನು ತಂತಿ ಸುತ್ತತೊಡಗಿದ. ಸುತ್ತಿ ಮುಗಿಸಿದರೂ ಹೊರಡಲಿಲ್ಲ. “ಅವತ್ತ ಚಾ ಅಂದಿದ್ರಿ.”

ಮೇಜಿನ ಮೇಲಿದ್ದ ಎರಡನೆಯ ಲೋಟವನ್ನು ಇಂದುಮತಿ ಅವನತ್ತ ಸರಿಸಿದಳು. ಅದು ಪೂರ್ತಿ ಆರಿತ್ತು. ಅವನು ನಿಂತುಕೊಂಡೇ, ತಳದವರೆಗೂ ಕುಡಿದ.

“ಬಾಳ ಸಿಹಿ ಅದ,” ಎಂದ.

“ಆವಾಗ ಹಂಗಽ ಕುಡೀತಿದ್ದ,” ಎಂದಳು.

ಮುಂದಿನ ತಿಂಗಳ ಮೊದಲ ವಾರದಲ್ಲಿ ಇಂದುಮತಿಗೆ ಏಕವಾಸ ಗೋಪುರದ ಹನ್ನೊಂದನೆಯ ಮಹಡಿಯಲ್ಲಿ ಕೋಣೆ ಸಿಕ್ಕಿತು. ಹೊಲಿಗೆ ಯಂತ್ರವನ್ನು ಮಮತಾಜ ತನ್ನ ಮನೆಗೆ ಒಯ್ದಳು. ಬೋರ್ಡು ಲ್ಯಾಬಿನ ಕಪಾಟಿಗೆ ಮರಳಿತು. ಏಕವಾಸದ ಗೋಡೆಯಲ್ಲಿ ಗುಂಡಿಗೆ ಒಂದೇ ತೂತು ಇರುತ್ತದೆ.